ಕತ್ತಿಗೆ ಮೊದಲು ಕಾಗದ

‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಸರಣಿಯ ಐದು ಚಿತ್ರಗಳು 2003ರಿಂದ 2017ರ ನಡುವೆ ತೆರೆಗೆ ಬಂದವು. ಅವನ್ನು ನೋಡಿದವರಿಗೆ ಮೊದಲು ನೆನಪಾಗುವವನು ಕಣ್ಣಿಗೆ ಕಾಡಿಗೆ ಬಳಿದು, ತೂರಾಡುತ್ತ ನಡೆಯುವ ಜ್ಯಾಕ್ ಸ್ಪ್ಯಾರೋ. ಆ ಪಾತ್ರಕ್ಕಾಗಿ ಜಾನಿ ಡೆಪ್ ಹೆಸರು ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಜೆಫ್ರಿ ರಷ್ ಮಾಡಿದ ಹಳೆಯ ಹುಲಿ ಬಾರ್ಬೋಸಾ, ಬಿಲ್ ನೈ ಮಾಡಿದ, ಗಡ್ಡದ ಜಾಗದಲ್ಲಿ ಆಕ್ಟೋಪಸ್ ಬಾಹುಗಳು ಜೋತಾಡುವ ಡೇವಿ ಜೋನ್ಸ್ ಕೂಡ ಮರೆಯುವಂಥವರಲ್ಲ.

ಆದರೆ ಎರಡನೆಯ ಮತ್ತು ಮೂರನೆಯ ಚಿತ್ರಗಳಲ್ಲಿ ಇವರನ್ನೆಲ್ಲ ಕುಣಿಸುವವನು ಬೇರೆ. ಅವನು ಲಾರ್ಡ್ ಕಟ್ಲರ್ ಬೆಕೆಟ್, ಈಸ್ಟ್ ಇಂಡಿಯಾ ಕಂಪನಿಯ ಸಾಹೇಬ. ಟಾಮ್ ಹಾಲಂಡರ್ ಮಾಡಿದ ಈ ಪಾತ್ರ ಕೂಗಾಡುವುದಿಲ್ಲ, ಹೊಡೆದಾಡುವುದೂ ಅಪರೂಪ. ಚಹಾ ಕುಡಿಯುತ್ತ ಮೇಜಿನ ಮೇಲಿನ ಕಾಗದಕ್ಕೆ ಸಹಿ ಹಾಕುತ್ತದೆ. ಮದುವೆಗೆ ಸಿಂಗರಿಸಿ ನಿಂತ ಜೋಡಿಯನ್ನು ಬಂಧಿಸುವುದು ಅವನ ವಾರಂಟು. ಕಡಲ್ಗಳ್ಳನನ್ನು ಸರ್ಕಾರಿ ಸೇವಕನನ್ನಾಗಿ ಮಾಡುವುದು ಅವನ ಪರವಾನಗಿ ಪತ್ರ.

ಬೆಕೆಟ್ ಕಲ್ಪನೆಯ ಮನುಷ್ಯ. ಅವನ ಕಂಪನಿ ಮಾತ್ರ ಕಲ್ಪನೆಯದಲ್ಲ. ಕಡಲೇ ಕಾಣದ ನಮ್ಮ ನರಗುಂದಕ್ಕೂ ಅದು ಬಂದಿತ್ತು. ಬಂದಾಗ ಅದರ ಕೈಯಲ್ಲೂ ಮೊದಲು ಇದ್ದದ್ದು ಕಾಗದವೇ.

ನರಗುಂದದ ದೊರೆ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಹುಟ್ಟಾ ಬಂಡಾಯಗಾರನಲ್ಲ. ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಟ್ಟಿದ್ದ ಓದುಗ. ಅವನಿಗೆ ಗಂಡುಮಕ್ಕಳಿರಲಿಲ್ಲ. ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದ. ಕಂಪನಿ ಸರ್ಕಾರ ಒಲ್ಲೆನೆಂದಿತು. ತನ್ನ ತರುವಾಯ ಸಂಸ್ಥಾನವೇ ಇಲ್ಲವೆಂಬುದು ಅವನಿಗೆ ಖಚಿತವಾಯಿತು. ಮೇಲೆ ಆಯುಧ ಒಪ್ಪಿಸಬೇಕೆಂಬ ಹುಕುಂ. 1858ರ ಮೇ ಕೊನೆಯಲ್ಲಿ ರಾಜಕೀಯ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ಅಲ್ಲಿನ ದೊರೆ ಬಾಬಾಸಾಹೇಬನ ಮಲತಮ್ಮ. ಅವನು ಅಣ್ಣ ತನಗೆ ಬರೆದಿದ್ದ ಪತ್ರವನ್ನೇ ಮ್ಯಾನ್ಸನ್‌ಗೆ ತೋರಿಸಿ, ನರಗುಂದದ ದಾರಿ ಹಿಡಿಯಬೇಡ ಎಂದು ಎಚ್ಚರಿಸಿದ. ಮ್ಯಾನ್ಸನ್ ಕೇಳಲಿಲ್ಲ. ಸುರೇಬಾನದಲ್ಲಿ ಮಲಗಿದ್ದಾಗ ಬಾಬಾಸಾಹೇಬನ ಕಡೆಯವರು ಅವನನ್ನು ಕೊಂದರು. ತಲೆ ನರಗುಂದದ ಅಗಸಿಗೆ ತೂಗುಬಿತ್ತು.

ಮುಂದಿನದೆಲ್ಲ ಎರಡು ವಾರದೊಳಗೆ ಮುಗಿಯಿತು. ಅದೇ ಹೊತ್ತಿಗೆ ಬಂಡೆದ್ದ ಮುಂಡರಗಿ ಭೀಮರಾವ್ ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಮಡಿದ. ಮರುದಿನ ನರಗುಂದದ ಕೋಟೆ ಬಿತ್ತು. ಪಂಢರಪುರದ ಯಾತ್ರಿಕನ ವೇಷದಲ್ಲಿ ಹೊರಟಿದ್ದ ಬಾಬಾಸಾಹೇಬ ಸೆರೆಸಿಕ್ಕ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ಅವನ ತಾಯಿ ಮತ್ತು ಪತ್ನಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಸಿನಿಮಾದಲ್ಲಿ ಬೆಕೆಟ್ ತನ್ನ ಹಡಗಿನೊಂದಿಗೆ ಸಿಡಿದುಹೋಗುತ್ತಾನೆ, ಜ್ಯಾಕ್ ಮುಂದಿನ ಚಿತ್ರಕ್ಕೆ ಬದುಕಿಕೊಳ್ಳುತ್ತಾನೆ. ನರಗುಂದದಲ್ಲಿ ಹಾಗಾಗಲಿಲ್ಲ.

ಕಾಗದವೆಲ್ಲ ಕೇಡೆಂದಲ್ಲ. ಇದೇ ಸೀಮೆಯ ಗಜೇಂದ್ರಗಡದಲ್ಲಿ 1787ರಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರು ಮತ್ತು ನಿಜಾಮರಿಗೂ ಒಪ್ಪಂದವಾಯಿತು. ನರಗುಂದ, ಕಿತ್ತೂರು, ಬಾದಾಮಿಗಳು ಮರಾಠರಿಗೆ ಸೇರಿದವು, ಯುದ್ಧ ನಿಂತಿತು. ಅದು ಎರಡೂ ಕಡೆಯವರು ಆಡಿದ ಮಾತಿನಿಂದ ಹುಟ್ಟಿದ ಕಾಗದ. 1858ರದು ದೂರದಲ್ಲಿ ಕುಳಿತವರು ಒಬ್ಬರ ಮಾತೂ ಕೇಳದೆ ಕಳಿಸಿದ ಕಾಗದ. ಈ ವ್ಯತ್ಯಾಸಕ್ಕೆ ಜನ ಜೀವ ತೆತ್ತಿದ್ದಾರೆ.

ಸ್ವತಂತ್ರ ಭಾರತದಲ್ಲೂ ತೆತ್ತರು. ಮಲಪ್ರಭಾ ಯೋಜನೆಯ ಅಚ್ಚುಕಟ್ಟಿನ ರೈತರಿಗೆ ಬೆಟರ್‌ಮೆಂಟ್ ಲೆವಿಯ, ಅಂದರೆ ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕುವ ಕರದ, ಭಾರ ಬಿತ್ತು. ಕಾಲುವೆಯ ನೀರು ಸರಿಯಾಗಿ ಕಾಣದವರೂ ಕರ ಕಟ್ಟಬೇಕಿತ್ತು. ಬಹಳ ಕಾಲ ಮನವಿ ಕೊಟ್ಟರು, ಧರಣಿ ಕುಳಿತರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಸಿಟ್ಟು ಸಿಡಿದು ಗುಂಡು ಹಾರಿತು, ಜೀವಗಳು ಹೋದವು. ಆ ಕಿಚ್ಚು ರಾಜ್ಯದ ರೈತ ಚಳವಳಿಯಾಗಿ ಹಬ್ಬಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ಕರ್ನಾಟಕದಲ್ಲಿ ಅಧಿಕಾರ ಕಳೆದುಕೊಳ್ಳಲು ಇದೂ ಒಂದು ಕಾರಣವಾಯಿತು.

ಕತ್ತಿ ಹಿರಿದವನನ್ನು ನಾವು ಬೇಗ ಗುರುತಿಸುತ್ತೇವೆ, ವೀರನೆಂದೋ ದ್ರೋಹಿಯೆಂದೋ ಕೂಗುತ್ತೇವೆ. ಅವನು ಕತ್ತಿ ಹಿರಿಯುವಂತೆ ಮಾಡಿದ ಸಹಿ ಯಾರದೆಂದು ಕೇಳುವುದು ಕಡಿಮೆ. ರೋಣ, ನರಗುಂದ, ಗಜೇಂದ್ರಗಡದ ತಾಲ್ಲೂಕು ಕಚೇರಿಗಳಲ್ಲಿ ಇಂದೂ ನೋಟಿಸು, ಆದೇಶ, ತಿದ್ದುಪಡಿಗಳಿಗೆ ಸಹಿ ಬೀಳುತ್ತವೆ. ಸಹಿ ಹಾಕುವವರು ಅದಕ್ಕೂ ಮೊದಲು ಆ ಹೊಲಕ್ಕೊಮ್ಮೆ ಹೋಗಿ ಬರಲಿ. ಕಾಗದ ಕೈಗೆ ಬಂದವರು ಓದಲಿ, ಓದಲು ಬಾರದಿದ್ದರೆ ಓದಿಸಿ ಕೇಳಲಿ, ಒಪ್ಪಿಗೆಯಾಗದಿದ್ದರೆ ಅವಧಿಯೊಳಗೆ ತಕರಾರು ಬರೆದುಕೊಡಲಿ. ಕಾಗದದ ಹಂತದಲ್ಲೇ ಕೇಳಿಸಿಕೊಂಡ ಮಾತು ರಸ್ತೆಯಲ್ಲಿ ರಕ್ತ ಚೆಲ್ಲುವುದನ್ನು ತಪ್ಪಿಸುತ್ತದೆ.