ಸಮುದ್ರಕ್ಕೆ ಹೆಪ್ಪು

ಬನಶಂಕರಿಯಲ್ಲಿರುವ ಗೆಳೆಯನ ನಡುಮನೆಯಲ್ಲಿ ಹೋದ ವರ್ಷ ಒಂದೂವರೆ ತಿಂಗಳು ಒಂದು ಗಾಜಿನ ತೊಟ್ಟಿ ನೀರು ತುಂಬಿಕೊಂಡು ಸುಮ್ಮನೆ ನಿಂತಿತ್ತು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಒಳಗೆ ಬಿಳಿ ಮರಳು, ಗುಹೆಯಂತೆ ಜೋಡಿಸಿದ ಕಲ್ಲುಗಳು. ಮೀನು ಒಂದೂ ಇಲ್ಲ. ದೀಪವನ್ನೂ ಹಾಕುತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಮೂರನೆಯ ಸಲ ಬಂದಾಗ ಕೇಳಿಯೇಬಿಟ್ಟರು: "ಮೀನು ಯಾವಾಗಪ್ಪಾ ಬರೋದು?"

"ಹೆಪ್ಪು ಹಾಕಿದ್ದೀನಿ ಅಜ್ಜಿ. ಮೊಸರಾಗೋವರೆಗೂ ಅಲ್ಲಾಡಿಸೋ ಹಾಗಿಲ್ಲ."

ಅಜ್ಜಿ ತಲೆಯಾಡಿಸಿ ಹೋದರು. ಅಷ್ಟು ದಿನ ಅವನು ನನಗೆ ಚಾರ್ಟು ತೋರಿಸಿ ಹೇಳಿದ್ದು ತಲೆಗೆ ಹತ್ತಿರಲಿಲ್ಲ. ಆ ಒಂದು ಮಾತಿಗೆ ನನಗೂ ಎಲ್ಲ ಅರ್ಥವಾಯಿತು.

ಮೀನಿನ ಕಿವಿರಿನಿಂದ, ಹೊಲಸಿನಿಂದ, ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಕಡಲಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ತೊಟ್ಟಿಯಲ್ಲಿ ಅದೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, ಆಗಾಗ ನೀರು ಬದಲಿಸಿದರೆ ಹತೋಟಿಗೆ ಬರುತ್ತದೆ. ಆದರೆ ಈ ಜೀವಿಗಳು ಕಲ್ಲಿನ ಸಂದುಗೊಂದುಗಳಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಗೆಳೆಯ ಇನ್ನೊಬ್ಬರ ಹಳೆಯ ತೊಟ್ಟಿಯಿಂದ ಒಂದು ಬೊಗಸೆ ಮರಳು ತಂದು ಹಾಕಿದ್ದ. ಅದು ಹೆಪ್ಪು. ಜೊತೆಗೆ ಕೊಳೆಯಲೆಂದು ಒಂದು ಸಿಗಡಿ ತುಂಡು ಬಿಟ್ಟಿದ್ದ. ದಿನಾ ಸಂಜೆ ಸಣ್ಣ ಗಾಜಿನ ನಳಿಗೆಯಲ್ಲಿ ಐದು ಮಿಲಿಲೀಟರ್ ನೀರು ತೆಗೆದು, ಎರಡು ಬಾಟಲಿಗಳಿಂದ ಎಂಟೆಂಟು ಹನಿ ಬಿಟ್ಟು, ಕುಲುಕಿ, ಐದು ನಿಮಿಷ ಕಾಯುತ್ತಿದ್ದ. ಹಳದಿಯಾಗಿಯೇ ಉಳಿದರೆ ಅಮೋನಿಯಾ ಇಲ್ಲ, ಹಸಿರಿಗೆ ತಿರುಗಿದರೆ ಇದೆ. ಮೊದಲ ವಾರಗಳಲ್ಲಿ ಗಾಢ ಹಸಿರು. ಆಮೇಲೆ ತಿಳಿ ಹಸಿರು. ಒಂದು ಭಾನುವಾರ ನಿಂಬೆಹಣ್ಣಿನ ಹಳದಿ. ಆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವನು ನೋಡಿದ ನೋಟ ಮಗುವಿನ ಮಾರ್ಕ್ಸ್ ಕಾರ್ಡ್ ನೋಡುವ ಅಪ್ಪನದು.

ಮನೆಯಲ್ಲಿ ಹವಳದ ತೊಟ್ಟಿ ಕಟ್ಟುವವರು ನಿಜವಾಗಿ ಕಟ್ಟುವುದು ಈ ಕಾಣದ ಜೀವಿಗಳ ಊರನ್ನು. ಮೀನು, ಹವಳಗಳೆಲ್ಲ ಆ ಊರಿಗೆ ಆಮೇಲೆ ಬರುವ ನೆಂಟರು. ತೊಟ್ಟಿ ತಂದ ವಾರವೇ ನೆಂಟರನ್ನು ಕರೆದವರ ಮನೆಯಲ್ಲಿ ಸಾವು ನೋಡಿದ್ದೇನೆ. ಅದನ್ನು ದುರದೃಷ್ಟ ಅನ್ನಲಾರೆ, ಅವಸರ ಅನ್ನುತ್ತೇನೆ.

ಹೆಪ್ಪು ಹಾಕುವುದಕ್ಕೂ ಮುಂಚೆ ನೆಲದ ಲೆಕ್ಕವಿತ್ತು. ತೊಟ್ಟಿಯನ್ನು ಮೊದಲನೇ ಮಹಡಿಯಲ್ಲಿಡಬೇಕೆಂಬ ಆಸೆ ಅವನದು. ಆರು, ಎರಡು, ಎರಡು ಅಡಿಯ ತೊಟ್ಟಿ ಸುಮಾರು 680 ಲೀಟರ್ ಹಿಡಿಯುತ್ತದೆ. ಉಪ್ಪುನೀರು ಸಿಹಿನೀರಿಗಿಂತ ತುಸು ತೂಕ, ಅದೇ 700 ಕಿಲೋ ಸಮೀಪ. 12 ಮಿಲಿಮೀಟರ್ ಗಾಜಿನದೇ 120 ಕಿಲೋ ದಾಟುತ್ತದೆ. ಕಲ್ಲು, ಮರಳು, ಕಬ್ಬಿಣದ ಸ್ಟ್ಯಾಂಡು ಸೇರಿದರೆ ಒಂದು ಟನ್. ಅಷ್ಟೂ ಭಾರ ಒಂದು ಚದರ ಮೀಟರ್‌ಗಿಂತ ಸ್ವಲ್ಪ ಹೆಚ್ಚಿನ ಜಾಗದ ಮೇಲೆ. ನಮ್ಮ ವಾಸದ ಮನೆಗಳ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರ್‌ಗೆ 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಇಂಜಿನಿಯರು ಒಪ್ಪಲಿಲ್ಲ. ತೊಟ್ಟಿ ನೆಲಮಹಡಿಗೆ ಬಂತು.

ಉಪ್ಪಿನದು ಇನ್ನೊಂದು ಕಥೆ. ಅಡುಗೆ ಉಪ್ಪು ಆಗದು. ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಸಿಯಂ ಎಲ್ಲ ಸಮುದ್ರದ ಪ್ರಮಾಣದಲ್ಲೇ ಬೆರೆತ ಉಪ್ಪು ಬೇಕು. ಲೀಟರಿಗೆ 35 ಗ್ರಾಂ, ಅಂದರೆ ಇಡೀ ತೊಟ್ಟಿಗೆ ಇಪ್ಪತ್ತನಾಲ್ಕು ಕಿಲೋ ಆಸುಪಾಸು. ಬೋರ್‌ವೆಲ್ ನೀರಾಗಲಿ ನಲ್ಲಿ ನೀರಾಗಲಿ ನೇರವಾಗಿ ಹಾಕುವಂತಿಲ್ಲ, ಆರ್‌ಒ ಯಂತ್ರದಿಂದ ಸೋಸಿ, ಉಳಿದ ಲವಣವನ್ನೂ ತೆಗೆದ ನೀರೇ ಆಗಬೇಕು. ತೊಟ್ಟಿ ತುಂಬಲು ಅವನಿಗೆ ಐದು ದಿನ ಹಿಡಿಯಿತು. ಬೇಸಿಗೆಯಲ್ಲಿ ದಿನಕ್ಕೆ ಐದಾರು ಲೀಟರ್ ಆವಿಯಾಗಿ ಹೋಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಮೇಲಿಂದ ತುಂಬಿಸುವುದು ಸಿಹಿನೀರನ್ನೇ. ಹೊಸಬರು ಉಪ್ಪುನೀರನ್ನೇ ಸುರಿಯುತ್ತ ಹೋಗಿ, ಯಾಕೆ ಹವಳ ಮುದುಡಿತು ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ತೊಟ್ಟಿಯ ಕೆಳಗಿನ ಬೀರುವಿನಲ್ಲಿ ಇನ್ನೊಂದು ಸಣ್ಣ ತೊಟ್ಟಿಯಿದೆ. ಅದನ್ನು ಈ ಹವ್ಯಾಸಿಗಳು ಸಂಪ್ ಅನ್ನುತ್ತಾರೆ. ನಮಗೆ ಸಂಪ್ ಅಂದರೆ ಅಂಗಳದ ನೆಲದಡಿಯ ನೀರಿನ ತೊಟ್ಟಿ. ಇಲ್ಲಿ ಮೇಲಿನ ನೀರು ಸದಾ ಇಳಿದು ಬಂದು, ಶುದ್ಧವಾಗಿ, ಮತ್ತೆ ಪಂಪಿನಿಂದ ಮೇಲೆ ಹೋಗುತ್ತದೆ. ಅದರೊಳಗೆ ನಿಂತಿರುವ ಪ್ರೋಟೀನ್ ಸ್ಕಿಮ್ಮರ್ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಯಾಗಿ ಒಡೆದು ನೀರಿಗೆ ಬೆರೆಸುತ್ತದೆ. ಕಡಲತೀರದಲ್ಲಿ ಅಲೆಯೊಡೆದಾಗ ನೊರೆ ಬರುತ್ತದಲ್ಲ, ಅದೇ ಕೆಲಸ. ಕರಗಿದ ಕೊಳೆ ಗುಳ್ಳೆಗೆ ಅಂಟಿಕೊಂಡು ಮೇಲಿನ ಲೋಟದಲ್ಲಿ ನಿಲ್ಲುತ್ತದೆ. ವಾರಕ್ಕೆರಡು ಸಲ ಆ ಲೋಟ ಕಳಚಿದರೆ ಗಟ್ಟಿ ಡಿಕಾಕ್ಷನ್ ಬಣ್ಣದ ನೀರು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಕನ್ನಡಿಯಂತಿದ್ದ ನೀರಿನಲ್ಲಿ ಇಷ್ಟು ಹೊಲಸು ಅಡಗಿತ್ತೇ ಎಂದು ಮೊದಲ ಸಲ ನನಗೆ ನಂಬಲಾಗಲಿಲ್ಲ.

ಎರಡು ತಿಂಗಳ ಮೇಲೆ ಒಂದು ಜೊತೆ ಕ್ಲೌನ್ ಮೀನು ಬಂದವು. ಕಡಲಿನಿಂದ ಹಿಡಿದವಲ್ಲ, ತೊಟ್ಟಿಯಲ್ಲೇ ಹುಟ್ಟಿದವು. ಈ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೂ ರೂಢಿಗೆ ತಂದಿದ್ದಾರೆ. ಹುಟ್ಟುವಾಗ ಎಲ್ಲವೂ ಗಂಡು, ಜೋಡಿಯಲ್ಲಿ ಮೇಲುಗೈಯಾದದ್ದು ಬೆಳೆದು ಹೆಣ್ಣಾಗುತ್ತದೆ. ಆಮೇಲೆ ಒಂದೊಂದಾಗಿ ಮೆದು ಹವಳಗಳು ಬಂದವು. ಇನ್ನೊಬ್ಬ ಹವ್ಯಾಸಿಯ ತೊಟ್ಟಿಯಲ್ಲಿ ಬೆಳೆದ, ಬೆರಳುಗುರಿನಷ್ಟು ತುಣುಕುಗಳು. ಬೆಳಗ್ಗೆ ನೀಲಿ ದೀಪ ಹತ್ತಿದ ಮೇಲೆ ಅವು ನಿಧಾನವಾಗಿ ಬಾಯಿ ಬಿಡುವುದನ್ನು ನೋಡಲು ನಾನು ಎಷ್ಟೋ ಸಲ ಬೇಗ ಹೋಗಿದ್ದೇನೆ.

ಮಳೆಗಾಲದ ಒಂದು ರಾತ್ರಿ ಅಲ್ಲೇ ಉಳಿದಿದ್ದೆ. ಹನ್ನೊಂದಕ್ಕೆ ಕರೆಂಟ್ ಹೋಯಿತು. ಎಲ್ಲೋ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಯುಪಿಎಸ್ ಎರಡು ಗಂಟೆ ಎಳೆದು ಕೈಚೆಲ್ಲಿತು. ಪಂಪು ನಿಂತರೆ ನೀರು ಚಲಿಸದು, ನೀರು ಚಲಿಸದಿದ್ದರೆ ಗಾಳಿಯಲ್ಲಿನ ಆಮ್ಲಜನಕ ಒಳಗಿಳಿಯದು. ಮೊಬೈಲ್ ಬೆಳಕಿನಲ್ಲಿ ನೋಡಿದರೆ ಎರಡೂ ಮೀನು ಮೇಲ್ಮೈಗೆ ಬಂದು ಬೇಗಬೇಗ ಬಾಯಿ ತೆರೆದು ಮುಚ್ಚುತ್ತಿದ್ದವು. ಗೆಳೆಯ ಬಚ್ಚಲಿನಿಂದ ಎರಡು ಜಗ್ಗು ತಂದ. ತೊಟ್ಟಿಯ ನೀರು ಮೊಗೆದು, ಒಂದು ಮೊಳ ಎತ್ತರದಿಂದ ಮತ್ತೆ ತೊಟ್ಟಿಗೇ ಸುರಿಯುವುದು. ಅವನ ಹೆಂಡತಿ, ಅವನು, ನಾನು ಸರದಿಯ ಮೇಲೆ ಬೆಳಗಿನ ಜಾವ ನಾಲ್ಕೂವರೆವರೆಗೆ ಅದನ್ನೇ ಮಾಡಿದೆವು. ಸುರಿವ ನೀರಿನ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಕರೆಂಟ್ ಬಂದು ಪಂಪು ಗೊಣಗಿದಾಗ ಮೂವರೂ ಅಲ್ಲೇ ನೆಲದ ಮೇಲೆ ಕೂತೆವು.

ಇದೇ ಕೆಲಸವನ್ನು ಲಂಡನ್ನಿನಲ್ಲಿ ಒಬ್ಬ ಮನೆಗೆಲಸದ ಹೆಂಗಸು ಮಾಡಿದ್ದಳೆಂದು ಆಮೇಲೆ ಓದಿದೆ. 1846ರಲ್ಲಿ ಆಕೆಯ ಒಡತಿ ಆನಾ ಥೈನ್ ಇಂಗ್ಲೆಂಡಿನ ಟಾರ್ಕಿ ತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ಒಯ್ದರು. ದಾರಿಯಲ್ಲಿ ಉರುಳದಿರಲೆಂದು ಅವನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದಿದ್ದರು. ಅಕ್ವೇರಿಯಂ ಎಂಬ ಮಾತು ಚಾಲ್ತಿಗೆ ಬಂದದ್ದೇ 1854ರಲ್ಲಿ, ಫಿಲಿಪ್ ಗಾಸ್ ಅವರ ಪುಸ್ತಕದಿಂದ. ಪಂಪಿಲ್ಲದ ಆ ಕಾಲದಲ್ಲಿ ನೀರಿಗೆ ಗಾಳಿ ಬೆರೆಸಲು, ತೆರೆದ ಕಿಟಕಿಯ ಮುಂದೆ ದಿನಾ ಅರ್ಧ ಮುಕ್ಕಾಲು ಗಂಟೆ ನೀರನ್ನು ಹಿಂದಕ್ಕೂ ಮುಂದಕ್ಕೂ ಸುರಿಯಬೇಕಿತ್ತು. ಅದನ್ನು ಸುರಿದದ್ದು ಕೆಲಸದಾಕೆ. ಪುಸ್ತಕಗಳಲ್ಲಿ ಒಡತಿಯ ಹೆಸರಿದೆ, ಆಕೆಯ ಹೆಸರು ನನಗೆಲ್ಲೂ ಸಿಗಲಿಲ್ಲ. ಒಂದೇ ರಾತ್ರಿಗೆ ನನ್ನ ರಟ್ಟೆ ಎರಡು ದಿನ ನೋಯುತ್ತಿತ್ತು. ಆ ತೊಟ್ಟಿಯ ಹವಳಗಳು ಬದುಕಿದ್ದು ಆಕೆಯ ರಟ್ಟೆಯಿಂದ ಎಂದೇ ನನ್ನ ಎಣಿಕೆ.

ಗೆಳೆಯನ ತೊಟ್ಟಿಗೆ ಚಿಲ್ಲರ್ ಇದೆ. ನೀರು 26 ಡಿಗ್ರಿ ಮೀರದಂತೆ ಅದು ಕಾಯುತ್ತದೆ. ಹವಳದ ಮೈಯೊಳಗೆ ಪಾಚಿಯ ಕಣಗಳು ವಾಸವಿದ್ದು ಬೆಳಕಿನಿಂದ ಅದಕ್ಕೆ ಆಹಾರ ಒದಗಿಸುತ್ತವೆ. ಬೇಸಿಗೆಯ ಮಾಮೂಲು ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದ ಹವಳ 1998ರಲ್ಲಿ, 2010ರಲ್ಲಿ, 2016ರಲ್ಲಿ ಹೀಗೆ ಬೆಳ್ಳಗಾಯಿತು, 2024ರಲ್ಲಿ ಮತ್ತೆ. ಅದೇ ವರ್ಷ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತದ ನಾಲ್ಕನೇ ಹವಳ ಬಿಳುಪನ್ನು ಸಾರಿದರು. ಆ ಕಡಲಿಗೆ ಚಿಲ್ಲರ್ ಇಲ್ಲ. ಯಾರೂ ಜಗ್ಗಿನಲ್ಲಿ ಮೊಗೆದು ಸುರಿದು ಅದನ್ನು ಉಳಿಸಲಾರರು.

ಅದಕ್ಕೇ ಈ ಹವ್ಯಾಸದ ಬಗ್ಗೆ ನನಗೆ ಪ್ರೀತಿಯೂ ಇದೆ, ಒಂದು ಷರತ್ತೂ ಇದೆ. ಗಟ್ಟಿ ಹವಳ, ಕಡಲ ಬೀಸಣಿಗೆ, ಕಡಲಕುದುರೆಗಳನ್ನು ನಮ್ಮ ಸರ್ಕಾರ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿತು. ನಮ್ಮ ಕಡಲಿನಿಂದ ಇವನ್ನು ಕಿತ್ತು ತರುವುದು ದೊಡ್ಡ ಅಪರಾಧ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿಯ ಸುತ್ತ ನಮ್ಮದೇ ಕರ್ನಾಟಕದ ಹವಳವಿದೆ. ಅಲ್ಲಿ ಮುಳುಗಿ ಕಣ್ತುಂಬ ನೋಡಿ, ಒಂದು ಚೂರನ್ನೂ ಮುಟ್ಟದೆ ಬನ್ನಿ. ಮನೆಯಲ್ಲಿ ತೊಟ್ಟಿ ಕಟ್ಟುವ ಮನಸ್ಸಾದರೆ ಖಂಡಿತ ಕಟ್ಟಿ. ಒಂದೂವರೆ ತಿಂಗಳು ಖಾಲಿ ನೀರು ನೋಡುವ ತಾಳ್ಮೆಯಿರಲಿ. ಅಂಗಡಿಗೆ ಹೋದಾಗ ಪ್ರತಿಯೊಂದು ಮೀನಿಗೆ, ಪ್ರತಿಯೊಂದು ಹವಳಕ್ಕೆ ಒಂದೇ ಪ್ರಶ್ನೆ ಕೇಳಿ: "ಇದು ಎಲ್ಲಿ ಹುಟ್ಟಿದ್ದು?" ಸರಿಯಾದ ಉತ್ತರ ಸಿಗದಿದ್ದರೆ ದಯವಿಟ್ಟು ಬರಿಗೈಯಲ್ಲಿ ಹಿಂದಿರುಗಿ.