ಹೇಳದಿರುವುದೂ ಸುಳ್ಳೇ?



ಮನೋರೋಗಕ್ಕೆ ಮಾತ್ರೆ ಸೇವಿಸುತ್ತಿರುವವರು ಕೆಲಸ ಕೊಟ್ಟ ಮಾಲೀಕರಿಗೆ ಅದನ್ನು ತಿಳಿಸದಿದ್ದರೆ ದೇವರ ಎಂಟನೆಯ ಕಟ್ಟಳೆಯನ್ನು ಮೀರಿದಂತಾಗುವುದೇ? ಮೊದಲೇ ನೊಂದ ಮನಸ್ಸಿಗೆ ಈ ಅಳುಕು ಇನ್ನೊಂದು ಹೊರೆ. ಮೀರಿದಂತಾಗುವುದಿಲ್ಲ. ಸುಳ್ಳಾಡುವುದು ಬೇರೆ, ವಿವೇಕದಿಂದ ಸತ್ಯವನ್ನು ಮರೆಯಲ್ಲಿಡುವುದು ಬೇರೆ ಎಂಬುದು ಸಂತ ತೋಮಸ್ ಅಕ್ವಿನಾಸರ ವಿವೇಚನೆ. ತಿಳಿಯುವ ಹಕ್ಕಿಲ್ಲದವರಿಗೆ ಸತ್ಯವನ್ನು ತಿಳಿಸಲೇಬೇಕಾಗಿಲ್ಲ ಎನ್ನುತ್ತದೆ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಚಿಕಿತ್ಸೆಯ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಮನ್ನಿಸಿದೆ.

ಹಾಗಾದರೆ ಮಾಲೀಕರಿಗೆ ತಿಳಿಯುವ ಹಕ್ಕು ಎಂದೂ ಇಲ್ಲವೇ? ಇದೆ. ಶಾಲಾ ಬಸ್ಸಿನ ಚಾಲಕನಿಗೆ ಮಾತ್ರೆಯಿಂದ ತೂಕಡಿಕೆ ಬರುತ್ತಿದ್ದರೆ, ಮಕ್ಕಳ ಜೀವಕ್ಕಿಂತ ಅವನ ಗುಟ್ಟು ದೊಡ್ಡದಲ್ಲ, ಹೇಳಲೇಬೇಕು. ಅರ್ಜಿಯಲ್ಲಿ ನೇರವಾಗಿ ಕೇಳಿದ್ದಕ್ಕೆ 'ಇಲ್ಲ' ಎಂದು ಬರೆದರೆ ಅದೂ ಮೌನವಲ್ಲ. (ಹಾಗೆ ಕೇಳುವುದು ನ್ಯಾಯವೇ ಎಂಬುದು ಬೇರೆ ಮಾತು.)

ಹೇಳಬೇಕಾಗಿ ಬಂದಾಗಲೂ ಎಲ್ಲವನ್ನೂ ಬಿಚ್ಚಿಡಬೇಕಿಲ್ಲ. ಬೈಪೋಲಾರ್ ಕಾಯಿಲೆ ಇರುವವರಿಗೆ ನಿದ್ದೆಗೆಟ್ಟರೆ ರೋಗ ಮರುಕಳಿಸಬಹುದು. ಆದರೆ ಮೇಲಧಿಕಾರಿಗೆ ಕಾಯಿಲೆಯ ಹೆಸರೇಕೆ? "ವೈದ್ಯರು ರಾತ್ರಿ ಪಾಳಿ ಬೇಡವೆಂದಿದ್ದಾರೆ" ಎಂದರೆ ಸಾಕು. ಚೀಟಿ ಕೇಳಿದರೆ ವೈದ್ಯರಿಂದಲೂ ಅಷ್ಟನ್ನೇ ಬರೆಸಿಕೊಳ್ಳಿ.