ಡಬ್ಬಿಯೊಳಗಿನ ಶಕ್ತಿ

ಗ್ರಾಫಿಕ್ಸ್ ಕಾರ್ಡಿಗೆ ಕಂಪ್ಯೂಟರಿನ ವಿದ್ಯುತ್ ಪೂರೈಕೆಯ ಡಬ್ಬಿಯಾದ ಎಸ್‌ಎಂಪಿಎಸ್ ಸಾಲುತ್ತದೆಯೇ ಎಂಬುದು ಮೇಲುನೋಟಕ್ಕೆ ಕೂಡಿ ಕಳೆಯುವ ಲೆಕ್ಕ. ಆರ್‌ಟಿಎಕ್ಸ್ 3080 ಕಾರ್ಡಿಗೆ 320 ವ್ಯಾಟ್ ಬೇಕು. ಇಡೀ ಕಂಪ್ಯೂಟರಿಗೆ 750 ವ್ಯಾಟಿನ ಎಸ್‌ಎಂಪಿಎಸ್ ಇರಲಿ ಎಂದು ತಯಾರಕರು ಹೇಳುತ್ತಾರೆ. ಆದರೆ ಸ್ವಿಚ್ಚೇ ಹಾಕದೆ ಕಪಾಟಿನಲ್ಲಿಟ್ಟ ಡಬ್ಬಿಯಲ್ಲಿ ಆ 750 ವ್ಯಾಟ್ ಎಲ್ಲಿದೆ? ಕೆಲಸ ಮಾಡದಿರುವಾಗಲೂ ವಸ್ತುವಿನಲ್ಲಿ ‘ಮಾಡಬಲ್ಲದು’ ಎಂಬುದೊಂದು ಇರುತ್ತದೆಯೇ?

ಇಲ್ಲವೆಂದವರು ಗ್ರೀಸಿನ ಮೆಗಾರ ಪಂಥದವರು. ಹಾಗಿದ್ದರೆ ಮನೆಕಟ್ಟುವವನು ಕೆಲಸ ನಿಲ್ಲಿಸಿದೊಡನೆ ಅವನ ವಿದ್ಯೆಯೂ ಹೋಗಬೇಕಲ್ಲ ಎಂದು ಅರಿಸ್ಟಾಟಲ್ ಅವರನ್ನು ಖಂಡಿಸಿದ.

ಭಾರತದಲ್ಲಿ ಈ ವಾದ ಬೆಂಕಿಯ ಸುತ್ತ ನಡೆಯಿತು. ಒಂದು ಬಗೆಯ ಮಣಿ ಹತ್ತಿರವಿದ್ದರೆ ಬೆಂಕಿ ಸುಡುವುದಿಲ್ಲ ಎಂಬುದು ವಾದದ ಎರಡೂ ಪಕ್ಷದವರು ಒಪ್ಪಿಕೊಂಡ ಉದಾಹರಣೆ. ಬೆಂಕಿಯ ರೂಪ ಬದಲಾಗಿಲ್ಲ, ಸುಡುವುದು ಮಾತ್ರ ನಿಂತಿದೆ. ಆದ್ದರಿಂದ ಕಣ್ಣಿಗೆ ಕಾಣದ ‘ಶಕ್ತಿ’ ಎಂಬ ಬೇರೆಯೇ ಪದಾರ್ಥವಿದೆ ಎಂದರು ಮೀಮಾಂಸಕರು. ಉಡುಪಿಯ ಮಧ್ವಾಚಾರ್ಯರ ಪರಂಪರೆಯೂ ತನ್ನ ಹತ್ತು ಪದಾರ್ಥಗಳಲ್ಲಿ ಶಕ್ತಿಯನ್ನು ಎಣಿಸುತ್ತದೆ. ನೈಯಾಯಿಕರು ಒಪ್ಪಲಿಲ್ಲ. ಬೆಂಕಿಯೊಂದೇ ಸುಡುವುದಕ್ಕೆ ಕಾರಣವಲ್ಲ, ಮಣಿ ಇಲ್ಲದಿರುವುದೂ ಕಾರಣಸಾಮಗ್ರಿಯಲ್ಲಿ ಸೇರಿದೆ. ಕಾಣದ ಶಕ್ತಿಯನ್ನು ಕಲ್ಪಿಸಬೇಕಿಲ್ಲ ಎಂದು ಅವರಲ್ಲೊಬ್ಬನಾದ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ವಾದಿಸಿದ.

ಎಸ್‌ಎಂಪಿಎಸ್ ವಿಚಾರದಲ್ಲಿ ಉದಯನನ ಪಕ್ಷವೇ ಮೊದಲು ಗಟ್ಟಿಯಾಗಿ ಕಾಣುತ್ತದೆ. ಡಬ್ಬಿಯ ಮೇಲಿನ ಸಂಖ್ಯೆಗೆ ಷರತ್ತುಗಳಿವೆ: ಕೆಲವು ಡಬ್ಬಿಗಳಿಗೆ ಅದು 40 ಡಿಗ್ರಿ ಬಿಸಿಯವರೆಗಿನ ಮಾತು, ಕೆಲವಕ್ಕೆ 50ರವರೆಗೆ. ಹಳೆಯ ಡಬ್ಬಿ ಸೋತರೆ ಅದೃಶ್ಯವಾದದ್ದೇನೂ ಹೋಗಿರುವುದಿಲ್ಲ, ಒಳಗಿನ ಕೆಪಾಸಿಟರ್ ಒಣಗಿರುತ್ತದೆ. ಬಿಚ್ಚಿ ಅಳೆದರೆ ತಿಳಿಯುತ್ತದೆ. ಕಾರ್ಡು ಕ್ಷಣಮಾತ್ರ ತನ್ನ ಸರಾಸರಿಯನ್ನು ಬಹಳ ಮೀರಿ ವಿದ್ಯುತ್ ಎಳೆದಾಗ ರಕ್ಷಣಾ ಸರ್ಕ್ಯೂಟು ಇಡೀ ಯಂತ್ರವನ್ನೇ ಆರಿಸಿಬಿಡುವುದುಂಟು. ಇಲ್ಲಿ ಮಣಿ ಡಬ್ಬಿಯೊಳಗೇ ಕುಳಿತಿದೆ. ಇದಕ್ಕಾಗಿಯೇ 2022ರ ಎಟಿಎಕ್ಸ್ 3.0 ನಿಯಮ, ಹೊಸ ಕನೆಕ್ಟರಿನ ದೊಡ್ಡ ಎಸ್‌ಎಂಪಿಎಸ್‌ಗಳು ನಮೂದಿತ ವ್ಯಾಟಿನ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ತಾಳಬೇಕೆಂದಿತು. ಹಾಗಾದರೆ ಅಂಥ ಡಬ್ಬಿಯ ಸಾಮರ್ಥ್ಯ 750 ವ್ಯಾಟೋ, 1500 ವ್ಯಾಟೋ? ಎಷ್ಟು ಹೊತ್ತು ಎಂದು ಹೇಳದೆ ಉತ್ತರವಿಲ್ಲ.

ಆದರೂ ಶಕ್ತಿವಾದಿಯ ಬಳಿ ಒಂದು ಮಾತು ಉಳಿದಿದೆ. ಧೂಳಿಲ್ಲದಿರುವುದು, ಸೆಕೆ ಇಲ್ಲದಿರುವುದು, ವೋಲ್ಟೇಜ್ ಕುಸಿಯದಿರುವುದು: ಇಂಥ ಅಭಾವಗಳನ್ನು ಎಷ್ಟೆಂದು ಪಟ್ಟಿಮಾಡುವುದು? ಯಾವುದು ಅಡ್ಡಿ, ಯಾವುದು ಅಲ್ಲ ಎಂದು ಆರಿಸಬೇಕಾದರೂ ಈ ಡಬ್ಬಿಗೆ ಏನು ಸಾಧ್ಯ ಎಂಬುದು ಮೊದಲೇ ತಿಳಿದಿರಬೇಕಾಗುತ್ತದೆ.